ಸರೋಜಮ್ಮನ ಪದಬಂಧ

ಕಳೆದ ಭಾನುವಾರ ಹಳೇ ಪೇಪರ್‌ನವನಿಗೆ ಹಾಕಲೆಂದು ಬಾಲ್ಕನಿಯಲ್ಲಿದ್ದ ಪತ್ರಿಕೆಗಳ ಕಟ್ಟು ಎಳೆದಾಗ ಬಿಸಿಲಿಗೆ ಕಾದ ಕಾಗದದ ವಾಸನೆ ಮೂಗಿಗೆ ಬಡಿಯಿತು. ಧೂಳು, ಮಸಿ, ಒಣಹುಲ್ಲು ಮೂರೂ ಬೆರೆತಂಥ ವಾಸನೆ. ವಾರವಿಡೀ ಊರಂಚಿನ ಉಲ್ಲಾಳದಿಂದ ಎರಡು ಬಸ್ಸು ಬದಲಿಸಿ ಆಫೀಸಿಗೆ ಓಡಾಡಿ ಸಾಕಾಗಿತ್ತು. ಕಟ್ಟನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕುಳಿತೆ. ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಬೆಳಗುಗಳಿಗೆ ಇದೇ ವಾಸನೆಯಿತ್ತು. ಆ ಮನೆ ಈಗಿಲ್ಲ. ಅಲ್ಲೀಗ ನಾಲ್ಕಂತಸ್ತಿನ ಕಟ್ಟಡ, ಕೆಳಗೊಂದು ಮೊಬೈಲ್ ಅಂಗಡಿ. ನೀವೂ ಇಂಥದೊಂದು ರಸ್ತೆಯಲ್ಲಿ ನಿಂತು, ಇಲ್ಲೇ ಅಲ್ಲವೇ ನಮ್ಮ ಗೇಟು ಇದ್ದದ್ದು ಎಂದು ಹುಡುಕಿರಬಹುದು.

ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತರಾಗಿದ್ದರು. ಪತ್ರಿಕೆ ಬಾಗಿಲಿಗೆ ಬಿದ್ದೊಡನೆ ಮೊದಲು ತೆರೆಯುತ್ತಿದ್ದುದು ಒಳಪುಟದ ಪದಬಂಧವನ್ನು. ಅದು ನೇರವಾಗಿ ಅರ್ಥ ಕೇಳುವ ಪದಬಂಧವಲ್ಲ. ಪ್ರತಿ ಸುಳಿವಿನಲ್ಲೂ ಒಂದು ಕಣ್ಣುಕಟ್ಟು. ‘ಹೊಸತು ಹಿಂದಿರುಗಿದರೆ ಕಾಡು’ ಎಂದಿದ್ದರೆ ‘ನವ’ವನ್ನು ತಿರುಗಿಸಿ ‘ವನ’ ಎಂದು ಬರೆಯಬೇಕು. ‘ಅವರ ಮನೆಯಲ್ಲಿ ಒಂದಕ್ಷರ ಉದುರಿದರೆ ರಾಜನ ಬಿಡಾರ’ ಎಂಬ ಸುಳಿವು ಬಂದ ದಿನ ಅಪ್ಪ ಹಲ್ಲುಜ್ಜುತ್ತಾ ತಲೆ ಕೆಡಿಸಿಕೊಂಡು, ಕೊನೆಗೆ ಬಚ್ಚಲಿನಿಂದಲೇ “ಅರಮನೆ ಕಣೇ, ಅರಮನೆ!” ಎಂದು ಕೂಗಿದ್ದರು. “ನಮ್ಮನೇಲಿ ಏನುದುರ್ಬೇಕು ಅಂತಾನೂ ಕೇಳಿ ಅವ್ರನ್ನ” ಎಂದು ಅಮ್ಮ ಒಲೆಯ ಮುಂದೆ ನಕ್ಕಿದ್ದಳು. ಶನಿವಾರ ಸಂಜೆ ಅಪ್ಪ ಪತ್ರಿಕೆಗೆ ಒಂದು ಕಾರ್ಡು ಬರೆಯುತ್ತಿದ್ದರು. ಮಂಗಳವಾರದ್ದು ಸೊಗಸು, ಗುರುವಾರದ ಏಳನೇ ಸುಳಿವು ಅನ್ಯಾಯ, ಹೀಗೆ ವಾರದ ವಿಮರ್ಶೆ. ಪದಬಂಧದ ಕೆಳಗೆ ‘ರಚನೆ: ನಂಜುಂಡಯ್ಯ’ ಎಂದಿರುತ್ತಿತ್ತು. ಕಾರ್ಖಾನೆಯಲ್ಲಿ ಅಪ್ಪನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮುಖ ನೋಡಿರದ ಈ ನಂಜುಂಡಯ್ಯನವರು ಮಾತ್ರ ತಮ್ಮ ಕಾರ್ಡನ್ನು ಓದುತ್ತಾರೆಂದು ಅವರು ನಂಬಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ದಸರಾ ಕಳೆದ ಮೇಲೆ, ಪದಬಂಧ ಸಪ್ಪೆಯಾಯಿತು. ‘ಸೂರ್ಯನ ಇನ್ನೊಂದು ಹೆಸರು’, ‘ಹಾಲಿನಿಂದ ಆಗುವುದು’ ಎಂಬಂಥ ಸುಳಿವುಗಳು. ಅಪ್ಪ ಕೆಲವು ವಾರ ಸಹಿಸಿದರು. ಆಗ ಕಾರ್ಖಾನೆಯಲ್ಲೂ ಕೆಲಸ ಹೆಚ್ಚಿ, ಅವರು ಮನೆಗೆ ಬರುವಾಗ ಮುಖದಲ್ಲಿ ಕಳೆ ಇರುತ್ತಿರಲಿಲ್ಲ. ಒಂದು ಶನಿವಾರ ಬರೆದೇಬಿಟ್ಟರು: ‘ಇದು ನಿಮ್ಮ ಕೈಯಲ್ಲ ಎನಿಸುತ್ತದೆ. ಆಗದಿದ್ದರೆ ನಿಲ್ಲಿಸಿ, ಹಳಸಿದ್ದನ್ನು ಬಡಿಸಬೇಡಿ.’

“ಇಷ್ಟ್ ಖಾರವಾಗಿ ಯಾಕ್ ಬರೀತೀರಿ? ಅವ್ರಿಗೆ ಏನ್ ಕಷ್ಟ ಬಂದಿದ್ಯೋ” ಎಂದಳು ಅಮ್ಮ. ಅಪ್ಪ ಚಪ್ಪಲಿ ಮೆಟ್ಟಿ ಕಾರ್ಡು ಹಾಕಿ ಬಂದರು.

ಎರಡು ವಾರದ ಮೇಲೆ, ಭಾನುವಾರ ಬೆಳಿಗ್ಗೆ, ಸಣಕಲು ದೇಹದ ವಯಸ್ಸಾದವರೊಬ್ಬರು ಗೇಟಿನ ಬಳಿ ನಿಂತಿದ್ದರು. ಕೈಯಲ್ಲಿ ಅಪ್ಪನ ಕಾರ್ಡು. “ನಾನು ನಂಜುಂಡಯ್ಯ, ಬಾಪೂಜಿ ನಗರದಿಂದ ಬಂದೆ. ಪೇಪರ್ನೋರು ಇದನ್ನ ನನಗೆ ಕಳ್ಸಿದ್ರು. ಬರ್ದಿದ್ದು ನೀವೇನಾ ಸಾರ್?” ಎಂದರು. ಜಗಳಕ್ಕೆ ಬಂದಿದ್ದಾರೆಂದೇ ನಾನು ಹೆದರಿದೆ. ಅಪ್ಪ ಒಳಗೆ ಕರೆದು ಕುರ್ಚಿ ಕೊಟ್ಟರು. ಅವರು ನಿವೃತ್ತ ಮೇಷ್ಟ್ರಂತೆ. ಕಾಫಿ ಆರುವವರೆಗೂ ಕಾರ್ಡನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ಹೇಳಿದರು: “ಇದು ನನ್ ಕೈಯೇ ಸಾರ್. ಇಷ್ಟ್ ವರ್ಷ ನೀವು ಮೆಚ್ಚಿದ್ದು ನಮ್ಮನೆಯವಳ ಕೈ. ಸರೋಜ ಹೋಗಿ ಎರಡ್ ತಿಂಗ್ಳಾಯ್ತು.”

ಅಪ್ಪ ಕುಳಿತಲ್ಲಿಂದ ಎದ್ದುಬಿಟ್ಟರು. “ತಪ್ಪಾಯ್ತು ಮೇಷ್ಟ್ರೇ, ನಂಗೆ ಗೊತ್ತಿರ್ಲಿಲ್ಲ” ಎಂದು ಕೈ ಮುಗಿದರು. ಅಪ್ಪ ಇನ್ನೊಬ್ಬರೆದುರು ಹಾಗೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

“ಬೈಯೋಕ್ ಬಂದಿಲ್ಲ ಸಾರ್, ಕೂತ್ಕೊಳಿ. ಮೊದ್ಲನೇದನ್ನ ನನ್ ಹೆಸ್ರಲ್ಲಿ ಕಳ್ಸಿದ್ವಿ, ಮೇಷ್ಟ್ರು ಅಂದ್ರೆ ಹಾಕ್ತಾರೆ ಅಂತ. ಆಮೇಲೂ ಹಾಗೇ ನಡೀತು. ನಿನ್ ಹೆಸ್ರು ಹಾಕ್ಸೋಣ ಅಂತ ನಾನು ಹೇಳ್ಲಿಲ್ಲ, ಅವಳೂ ಕೇಳ್ಲಿಲ್ಲ. ಎಷ್ಟೋ ಜನ ಬಿಡಿಸ್ತಾರೆ. ಕೈ ಬದಲಾಗಿದ್ದು ಕಂಡಿದ್ದು ನಿಮಗೊಬ್ರಿಗೇ. ಅದಕ್ಕೇ ಬಂದೆ.”

ಅವರ ಚೀಲದಲ್ಲಿ ಸರೋಜಮ್ಮನ ಕೊನೆಯ ಪದಬಂಧವಿತ್ತು. ಚೌಕದ ಮನೆಗಳಲ್ಲೆಲ್ಲ ಅಕ್ಷರ ತುಂಬಿದ್ದವು, ಆದರೆ ಹನ್ನೊಂದು ಪದಗಳಿಗೆ ಸುಳಿವು ಬರೆಯುವುದು ಉಳಿದಿತ್ತು. ಅಷ್ಟು ವರ್ಷ ತಪ್ಪು ಹುಡುಕಿದ್ದ ಅಪ್ಪ ಒಂದು ಸುಳಿವನ್ನೂ ಕಟ್ಟಿದವರಲ್ಲ. ಮುಂದಿನ ಭಾನುವಾರಗಳೆಲ್ಲ ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು ಬರೆದರು, ಅಳಿಸಿದರು. “ಸರೋಜ ಇದನ್ನ ಒಪ್ತಿರ್ಲಿಲ್ಲ” ಎಂದು ಮೇಷ್ಟ್ರು ತಲೆಯಾಡಿಸಿದರೆ ಅಪ್ಪ ಒಡನೆ ಕಾಗದ ಹರಿಯುತ್ತಿದ್ದರು. ಒಂದು ಸುಳಿವನ್ನು ಅಮ್ಮ ಅಕ್ಕಿ ಆರಿಸುತ್ತಲೇ ಕೊಟ್ಟಳು. ಎಲ್ಲ ಮುಗಿದಾಗ ಮೇಷ್ಟ್ರು ಸಂಪಾದಕರಿಗೆ ನಡೆದದ್ದನ್ನು ನಡೆದಂತೆಯೇ ಬರೆದು, ಇನ್ನು ಮುಂದೆ ತಾನು ಕಳಿಸುವುದಿಲ್ಲ, ಇದೊಂದನ್ನು ಅವಳ ಹೆಸರಿನಲ್ಲಿ ಹಾಕಿ ಎಂದು ಕೇಳಿಕೊಂಡರು.

ಹಾಕಿದರು. ಅಂದು ಮೇಷ್ಟ್ರು ಮೊದಲ ಬಸ್ಸಿಗೇ ಪತ್ರಿಕೆ ಹಿಡಿದು ಬಂದರು. ‘ರಚನೆ: ಸರೋಜಮ್ಮ’ ಎಂಬಲ್ಲಿ ಬೆರಳಿಟ್ಟು ತೋರಿಸಿದರು. ಆಮೇಲೆ ಒಂದೊಂದೇ ಸುಳಿವನ್ನು ಗಟ್ಟಿಯಾಗಿ ಓದಿದರು. ಸರೋಜಮ್ಮನೇ ಬರೆದ ಸುಳಿವಾದರೆ ಓದಿ ತುಸು ನಿಲ್ಲುತ್ತಿದ್ದರು. ಉತ್ತರ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಅವರು ಹೊರಟ ಮೇಲೆ ನಾನು ಪೆನ್ಸಿಲ್ ತಂದುಕೊಟ್ಟರೆ ಅಪ್ಪ ತೆಗೆದುಕೊಳ್ಳಲಿಲ್ಲ. “ಇರ್ಲಿ ಬಿಡಮ್ಮ, ಖಾಲಿ ಇರ್ಲಿ” ಎಂದರು.

ಮರುದಿನದಿಂದ ಬೇರೆಯವರ ಪದಬಂಧ ಬರತೊಡಗಿತು. ಅಪ್ಪ ಬಿಡಿಸುತ್ತಿದ್ದರು, ಆದರೆ ಕಾರ್ಡು ಬರೆಯಲಿಲ್ಲ. ಮೇಷ್ಟ್ರು ಇನ್ನೂ ಮೂರುನಾಲ್ಕು ಭಾನುವಾರ ಬಂದರು. ಆಮೇಲೆ ಬಾರದಿದ್ದಾಗ ಅಪ್ಪನೇ ಬಾಪೂಜಿ ನಗರಕ್ಕೆ ಹೋಗಿ ನೋಡಿದರು. ಮನೆಗೆ ಬೀಗವಿತ್ತು, ಮಗಳ ಊರಿಗೆ ಹೋದರೆಂದು ಪಕ್ಕದವರು ಹೇಳಿದರಂತೆ. ಆಮೇಲೆ ಅವರ ಸುದ್ದಿಯಿಲ್ಲ. ಅಪ್ಪ, ಅಮ್ಮ ಇಬ್ಬರೂ ಈಗಿಲ್ಲ. ಸರೋಜಮ್ಮ ನೋಡಲು ಹೇಗಿದ್ದರೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹೆಸರು ಅಚ್ಚಾದದ್ದು ಒಂದೇ ದಿನ. ಅದನ್ನು ಕಂಡು ನೆನಪಿಟ್ಟವರಲ್ಲಿ ಬಹುಶಃ ನಾನೊಬ್ಬಳೇ ಉಳಿದಿದ್ದೇನೆ. ಇತ್ತೀಚೆಗೆ ನನಗೂ ಹೆಸರುಗಳು ಮರೆಯುತ್ತಿವೆ. ಅದಕ್ಕೇ ಇಲ್ಲಿ ಬರೆದಿಟ್ಟೆ.