ನಿಲ್ಲು ಅಂದರೆ ನಿಲ್ಲದ ಸ್ಕ್ರಿಪ್ಟು

ಆಫೀಸಿನಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ. ಕೇಳದವರಿಗೂ ಬಿಟ್ಟಿಯಾಗಿ ಹೇಳುತ್ತಿದ್ದರು, ಅಷ್ಟೇ. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು, ಅದರ ಹೊಟ್ಟೆಯೊಳಗೆ ಏನಿದೆಯೆಂದು ತೋರಿಸುವ ಡಿಬಗರಿಗೆ ಹೊಸ ಹೊಸ ಆಜ್ಞೆಗಳನ್ನು ಕಲಿಸುವ ಸ್ಕ್ರಿಪ್ಟು ಬರೆಯುವುದು ಅವರ ಕಸುಬು.

ಆ ಸಲ ಬರೆದದ್ದು, ಒಂದರ ಬಾಲ ಒಂದು ಹಿಡಿದು ನಿಂತ ದಾಖಲೆಗಳನ್ನು ಸಾಲಾಗಿ ತೋರಿಸುವ ಸ್ಕ್ರಿಪ್ಟು. ಎಲ್ಲೂ ಮುಗ್ಗರಿಸಬಾರದೆಂದು, ಏನೇ ತಪ್ಪು ಎದುರಾದರೂ ಗುಳುಂ ಮಾಡಿ, 'ಸಣ್ಣ ಅಡಚಣೆ, ಮುಂದುವರಿಯುತ್ತಿದ್ದೇನೆ' ಎಂದು ಬರೆದು ಸಾಗುವಂತೆ ಮಾಡಿದ್ದರು.

ಪಕ್ಕದ ಮೇಜಿನಲ್ಲಿ ಪ್ರೋಗ್ರಾಮುಗಳ ತಪ್ಪು ಹುಡುಕುವ ಪರೀಕ್ಷಕಿ ಒಂದು ಹಟಮಾರಿ ದೋಷದ ಬೆನ್ನು ಬಿದ್ದಿದ್ದಳು. ಅದು ಕಾಣಿಸಿಕೊಳ್ಳಲೆಂದು ಬೆಳಗಿನಿಂದ ಕಾದು ಕಾದು, ಕೊನೆಗೆ ಪ್ರೋಗ್ರಾಮನ್ನು ಡಿಬಗರಿನಲ್ಲಿ ಸರಿಯಾದ ಜಾಗಕ್ಕೆ ನಿಲ್ಲಿಸಿದ್ದಳು.

"ನಿಮ್ ಸ್ಕ್ರಿಪ್ಟ್ ಓಡಿಸ್ಲಾ?"

"ಕಣ್ಣು ಮುಚ್ಕೊಂಡು ಓಡ್ಸಮ್ಮ," ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದರು, ಹೊಗಳಿಕೆ ಹತ್ತಿರದಿಂದಲೇ ಕೇಳಲಿ ಎಂದು.

ಪರದೆಯ ಮೇಲೆ ಸಾಲುಗಳು ಸುರಿದವು. ಬಂದವೇ ಮತ್ತೆ ಬಂದವು. ಕೊನೆಯ ದಾಖಲೆ ಹೇಗೋ ಮೊದಲನೆಯದರ ಬಾಲ ಹಿಡಿದುಬಿಟ್ಟಿತ್ತು.

"ಇದೇ ದೋಷ! ನಿಲ್ಲಿಸ್ತೀನಿ, ಕೋಡಿನ ಯಾವ ಸಾಲು ಗಂಟು ಹಾಕಿದ್ದು ನೋಡೋಣ," ಎಂದು ಅವಳು ಓಟ ನಿಲ್ಲಿಸುವ ಕಂಟ್ರೋಲ್-ಸಿ ಒತ್ತಿದಳು. 'ಸಣ್ಣ ಅಡಚಣೆ, ಮುಂದುವರಿಯುತ್ತಿದ್ದೇನೆ.' ಮತ್ತೆ ಒತ್ತಿದಳು. ಮತ್ತೆ ಅದೇ ವಿನಯ.

"ಮೇಷ್ಟ್ರೇ, ನಿಲ್ಲು ಅಂದ್ರೆ ನಿಲ್ತಾನೇ ಇಲ್ವಲ್ರೀ ಇದು!"

"ಸರಿಯಾಗಿ ಒತ್ತಬೇಕಮ್ಮ," ಎಂದು ತಾವೇ ಕೀಲಿಮಣೆ ಕುಟ್ಟಿದರು. ಆಗ ಹೊಳೆಯಿತು: 'ಸಾಕು' ಎಂಬ ಮನುಷ್ಯರ ಮಾತನ್ನೂ ಸ್ಕ್ರಿಪ್ಟು ತಪ್ಪಿನ ಲೆಕ್ಕಕ್ಕೆ ಸೇರಿಸಿ ನುಂಗುತ್ತಿದೆ. ಅದಕ್ಕೆ ಆ ಬುದ್ಧಿ ಕೊಟ್ಟ ಮಹಾಶಯರು ಬೆವರುತ್ತ ಅಲ್ಲೇ ಕೂತಿದ್ದರು.

ಬೇರೆ ದಾರಿಯಿಲ್ಲದೆ ಡಿಬಗರನ್ನೇ ಮುಗಿಸಿದರು. ಅದರ ಜೊತೆ ಹಿಡಿದಿಟ್ಟ ಪ್ರೋಗ್ರಾಮೂ ಹೋಯಿತು. ಬೆಳಗಿನ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಪರೀಕ್ಷಕಿ ನೀರಿನ ಬಾಟಲಿ ಎತ್ತಿಕೊಂಡು ಹೊರಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಪ್ಪು ಬಂದರೆ ಹೇಳಿ ಸಾಗು, ಕೂತವರು ನಿಲ್ಲು ಅಂದರೆ ಮಾತ್ರ ತೆಪ್ಪಗೆ ಎಲ್ಲ ಬಿಟ್ಟು ಡಿಬಗರಿಗೆ ಮರಳು ಎಂದು ಮೇಷ್ಟ್ರು ಸ್ಕ್ರಿಪ್ಟು ತಿದ್ದಿದರು. ಎರಡು ಸಾಲಿನ ಕೆಲಸ. ಇಷ್ಟು ವರ್ಷದ ಅನುಭವ ಅಷ್ಟಕ್ಕೆ ಸಾಲದೆ ಹೋಗಿತ್ತು!

ಮಾರನೆಯ ದಿನ ದೋಷಕ್ಕಾಗಿ ಅವಳ ಜೊತೆ ತಾವೂ ಕಾದು ಕೂತರು. ಸಿಕ್ಕಿತು. ಅವಳು ಒತ್ತಿದಳು, ಸ್ಕ್ರಿಪ್ಟು ನಿಂತಿತು. ಪ್ರೋಗ್ರಾಮು ಇದ್ದಲ್ಲೇ ಇತ್ತು. ಗಂಟು ಹಾಕಿದ ಕೋಡಿನ ಸಾಲನ್ನು ಊಟದ ಹೊತ್ತಿಗೆ ಇಬ್ಬರೂ ಹಿಡಿದರು.

ಊಟದ ಮೇಜಿನಲ್ಲಿ ಅವಳು ಹಿಂದಿನ ದಿನದ ಕಥೆಯನ್ನು ಎಲ್ಲರಿಗೂ ನಟಿಸಿ ತೋರಿಸಿದಳು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕು, "ಒಂದು ತಿದ್ದುಪಡಿ. ನಾನು ಕೀಲಿಮಣೆ ಕುಟ್ಟಿದ್ದು ಒಂದು ಕೈಲಲ್ಲ, ಎರಡೂ ಕೈಲಿ," ಎಂದರು.