ಮೂವತ್ತು ಮನೆಯ ಮಿಸ್ಡ್ ಕಾಲ್

ಬೆಳಿಗ್ಗೆ ಚಹಾದ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಫೋನು ಟಣ್ ಅಂದಿತು. ‘ನಿಮ್ಮ ಪ್ಯಾಕ್ ಅವಧಿ ನಾಳೆ ಮುಗಿಯುತ್ತದೆ. ರೀಚಾರ್ಜ್ ಮಾಡದಿದ್ದರೆ ಸೇವೆ ನಿಲ್ಲುತ್ತದೆ.’ ಇಷ್ಟೇ. ನೀವಾದರೆ ಎರಡು ಸಲ ಬೆರಳಾಡಿಸಿ ದುಡ್ಡು ಕಟ್ಟಿ ಮರೆತುಬಿಡುತ್ತೀರಿ. ನನಗೆ ಮಾತ್ರ ಈ ಸಂದೇಶ ಕಂಡರೆ ನೆತ್ತಿ ಸುಡುತ್ತದೆ. ‘ಬಿಪಿ ಗುಳಿಗಿ ತಗೊಂಡ್ರ್ಯೋ ಇಲ್ಲೋ?’ ಎಂದು ಒಳಗಿನಿಂದ ಹೆಂಡತಿ ಕೇಳುತ್ತಾಳೆ. ಇದು ಗುಳಿಗೆಗೆ ಬಗ್ಗುವ ಸಿಟ್ಟಲ್ಲ. ವಿಶಾಖಪಟ್ಟಣದ ಪೈಡಮ್ಮನ ಸಲುವಾಗಿ ಬರುವ ಸಿಟ್ಟು. ಅದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆಯೇ.

ಧಾರವಾಡದವನಾದ ನಾನು ಬ್ಯಾಂಕಿನ ವರ್ಗಾವಣೆಯ ಕಾಗದ ಹಿಡಿದು ಆ ಊರಿಗೆ ಹೋದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಎಂವಿಪಿ ಕಾಲೋನಿಯಲ್ಲಿ ಮೂರನೇ ಮಹಡಿಯ ಮನೆ. ತೆಲುಗಿನಲ್ಲಿ ನನಗೆ ಬರುತ್ತಿದ್ದದ್ದು ನಮ್ಮ ‘ರೀ’ಯಂಥ ‘ಅಂಡಿ’ ಒಂದೇ. ಅದನ್ನೇ ಕನ್ನಡದ ಬಾಲಕ್ಕೆ ಹಚ್ಚಿ ಮೂರು ತಿಂಗಳು ತಳ್ಳಿದೆ. ಹೆಂಡತಿ ನನಗಿಂತ ಜಾಣೆ. ಊರಂಚಿನ ಪೆಂಡುರ್ತಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದ ಪೈಡಮ್ಮನ ಹತ್ತಿರ ಗೋಂಗೂರ ಕಂಡ ದಿನವೇ, ‘ಅಯ್ಯ, ಇದು ನಮ್ಮ ಪುಂಡಿಪಲ್ಯ ಅಲ್ಲೇನ!’ ಎಂದು ಹಿಗ್ಗಿದಳು. ಅಂದಿನಿಂದ ಇಬ್ಬರೂ ಗೆಳತಿಯರು.

ಪೈಡಮ್ಮನ ಗಂಟಲು ಅಂದರೆ ಗಂಟಲು. ‘ಆಕುಕೂರಲೋ!’ ಎಂದು, ಅಂದರೆ ಸೊಪ್ಪೋ ಸೊಪ್ಪು ಎಂದು, ಕೆಳಗೆ ಕೂಗಿದರೆ ನಮ್ಮ ಮನೆಯ ದೇವರ ಗಂಟೆಯೂ ಅಲುಗೀತು. ಆ ವರ್ಷ ನಮ್ಮ ಮಗಳು ಇಂಟರ್, ಅಂದರೆ ನಮ್ಮ ಪಿಯುಸಿ, ಪರೀಕ್ಷೆಗೆ ಓದುತ್ತಿದ್ದಳು. ಏಳು ಗಂಟೆಗೆ ಅವಳು ಪುಸ್ತಕ ಬಿಚ್ಚುವುದಕ್ಕೂ ಈ ಕೂಗು ಏಳುವುದಕ್ಕೂ ಸರಿಹೋಗುತ್ತಿತ್ತು. ನಾನು ಅಧಿಕಾರಿಯಲ್ಲವೇ, ಕಾಗದ ಬರೆಯುವುದೇ ಕಸುಬು. ‘ಮಾರುವವರು ಗೇಟಿನ ಒಳಗೆ ಬರಕೂಡದು, ಹೊರಗೂ ಕೂಗಕೂಡದು’ ಎಂದು ಅಪಾರ್ಟ್‌ಮೆಂಟಿನ ಸಂಘಕ್ಕೆ ಚೊಕ್ಕ ಇಂಗ್ಲಿಷಿನಲ್ಲಿ ಬರೆದು, ಮೊದಲ ಸಹಿ ನನ್ನದೇ ಹಾಕಿದೆ. ಮೂರೇ ದಿನದಲ್ಲಿ ಅದು ನಿಯಮವಾಯಿತು.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅದಕ್ಕೆ ಪರಿಹಾರವೆಂದು ನಾನು ಕಂಡುಹಿಡಿದದ್ದು ಮಿಸ್ಡ್ ಕಾಲ್. ಪೈಡಮ್ಮನ ಬಳಿ ಗುಂಡಿಯ ಫೋನೊಂದಿತ್ತು. ಹತ್ತು ರೂಪಾಯಿ ಹಾಕಿಸಿದರೆ ಆರು ತಿಂಗಳು ಬದುಕುತ್ತಿತ್ತು. ಅವಳು ಗೇಟಿನಾಚೆ ನಿಂತು ಒಂದು ಸಲ ರಿಂಗ್ ಕೊಟ್ಟರೆ ಮಾಮೂಲು ಸೊಪ್ಪು, ಎರಡು ಸಲ ಕೊಟ್ಟರೆ ಗೋಂಗೂರ ಬಂದಿದೆ ಎಂದು ಲೆಕ್ಕ. ಯಾರೂ ಫೋನ್ ಎತ್ತಕೂಡದು, ಇಳಿದು ಬರಬೇಕು. ಎತ್ತಿದರೆ ಅವಳ ದುಡ್ಡು ಹೋಗುತ್ತದೆ. ಊರಿನಿಂದ ಬಂದ ನನ್ನ ಭಾವಮೈದುನ ಒಮ್ಮೆ ಗೊತ್ತಿಲ್ಲದೆ ಎತ್ತಿ ‘ಹಲೋ’ ಅಂದದ್ದಕ್ಕೆ ವಾರವಿಡೀ ನಮ್ಮನ್ನು ಬೈದಿದ್ದಳು.

ಹತ್ತು ಮನೆಯಿದ್ದ ಅವಳ ವ್ಯಾಪಾರ ಮೂವತ್ತು ಮನೆಗೆ ಏರಿತು. ಸುಳ್ಳಲ್ಲ, ಏರಿದ್ದು ನಿಜ. ನಾನಂತೂ ಹಿಗ್ಗಿ ಹೀರೇಕಾಯಿಯಾದೆ. ಮುಂದೆ ಬಡ್ತಿ ಬಂದು, ಮನೆಯವರನ್ನು ವಿಶಾಖಪಟ್ಟಣದಲ್ಲೇ ಬಿಟ್ಟು ಒಬ್ಬನೇ ವಿಜಯವಾಡಕ್ಕೆ ಹೋದಾಗ, ಬೆಂಜ್ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ನಮ್ಮ ಬ್ಯಾಂಕಿನವರದೊಂದು ಸಭೆ. ಮೊಬೈಲಿನಿಂದ ಬಡವರ ಬಾಳು ಬೆಳಗಿದ ಬಗ್ಗೆ ನನ್ನ ಭಾಷಣ. ಪರದೆಯ ಮೇಲೆ ಬುಟ್ಟಿ, ಫೋನು, ಪೈಡಮ್ಮನ ನಗು. ಚಪ್ಪಾಳೆಯೋ ಚಪ್ಪಾಳೆ. ಹೊರಗೆ ಬಂದರೆ ಹೆಂಡತಿಯ ಫೋನು: ‘ಪೈಡಮ್ಮ ವಾರ ಆತ್ರಿ, ಬಂದಿಲ್ಲ. ಫೋನ್ ಹಚ್ಚಿದ್ರ ಹತ್ತವಲ್ದು. ಏನಾಗೇತೋ ಏನೋ, ನನಗ ಜೀವ ತಡೀವಲ್ದು.’

ಆ ಭಾನುವಾರ ಇಬ್ಬರೂ ಪೆಂಡುರ್ತಿಗೆ ಹೋದೆವು. ಪೈಡಮ್ಮ ಒಂದು ಕಲ್ಯಾಣಮಂಟಪದ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಿದಳು. ಯಾಕೆ ಬರಲಿಲ್ಲ ಎಂದು ಹೆಂಡತಿ ಕೇಳಿದ್ದೇ ತಡ, ತೆಲುಗಿನಲ್ಲಿ ಸುರಿಸಿಬಿಟ್ಟಳು:

‘ಬೇಡ ಅಂದವರ ಮನೆಗೆ ಬರಲೇನಮ್ಮಾ? ಮೂವತ್ತು ಮನೆಗೂ ರಿಂಗ್ ಕೊಟ್ಟೆ. ಒಬ್ಬರೂ ಇಳಿದು ಬರಲಿಲ್ಲ. ಎಲ್ಲರೂ ಫೋನ್ ಎತ್ತಿದಿರಿ! ಹೆಂಗಸಿನ ಧ್ವನಿ ಕೇಳಿದ ಕೂಡಲೇ, ದುಡ್ಡು ಹೋದೀತೆಂದು ಕಟ್ ಮಾಡಿದೆ. ಮೂರು ದಿನವೂ ಹಾಗೇ. ಎತ್ತಕೂಡದು ಅಂತ ಗೊತ್ತಿದ್ದೂ ಎತ್ತುತ್ತಾರೆ ಅಂದರೆ ಏನರ್ಥ? ಬರಬೇಡ ಅಂತ ತಾನೇ?’

ನಾನು ಅವಳ ಫೋನ್ ಇಸಕೊಂಡು ನಮ್ಮ ಮನೆಗೇ ಹಚ್ಚಿದೆ. ಹೌದು, ಹೆಂಗಸಿನ ಧ್ವನಿ. ‘ನೀವು ರೀಚಾರ್ಜ್ ಮಾಡಿಲ್ಲವಾದ್ದರಿಂದ ನಿಮ್ಮ ಸೇವೆಯನ್ನು ನಿಲ್ಲಿಸಲಾಗಿದೆ’ ಎಂದು ಕಂಪನಿಯ ಯಂತ್ರ ನಯವಾಗಿ ಹೇಳುತ್ತಿತ್ತು. ಮೂವತ್ತು ಮನೆಯಲ್ಲೂ ಮಾತಾಡಿದ್ದು ಅದೊಂದೇ ಹೆಂಗಸು. ಹತ್ತು ರೂಪಾಯಿಗೆ ಆರು ತಿಂಗಳು ಎಂಬ ಕಾಲ ಮುಗಿದು, ಇನ್ನು ತಿಂಗಳು ತಿಂಗಳು ಹಾಕಿಸಲೇಬೇಕು, ಇಲ್ಲವಾದರೆ ಬರುವ ಕರೆಯೂ ಬಂದ್ ಎಂದು ಪತ್ರಿಕೆಯಲ್ಲಿ ಬಂದಿತ್ತು. ನಾನು ಓದಿದ್ದೆ. ಓದಿ ಪುಟ ತಿರುವಿದ್ದೆ, ಮೂರ್ಖ! ಊರಿಗೆಲ್ಲ ಪುಕ್ಕಟೆ ಮಾತು, ಪುಕ್ಕಟೆ ಸಿನಿಮಾ ಎಂದು ಡಂಗುರ ಸಾರಿದ ಕಂಪನಿಯವರೇ, ಮಾತೇ ಆಡದೆ ಬರೀ ರಿಂಗ್ ಕೊಟ್ಟು ಹೊಟ್ಟೆ ಹೊರೆಯುತ್ತಿದ್ದವಳ ಅನ್ನಕ್ಕೆ ಕಲ್ಲು ಹಾಕಿದರಲ್ಲ, ಇವರ ಮನೆ ಹಾಳಾಗ!

‘ನಾನೇ ತಿಂಗಳು ತಿಂಗಳು ಹಾಕಿಸುತ್ತೇನೆ’ ಅಂದೆ.

‘ನಾಕೊದ್ದು ಬಾಬೂ, ನನಗೆ ಬೇಡ. ಅದು ಯಾವತ್ತು ನಿಲ್ಲುತ್ತದೋ ಯಾರಿಗೆ ಗೊತ್ತು? ನನಗೆ ಗಂಟಲಿದೆ. ಕೂಗಬೇಡ ಅಂದ ಆ ಪುಣ್ಯಾತ್ಮ ಯಾರೋ, ಅವನಿಗೆ ಹೇಳಿ, ಮತ್ತೆ ಕೂಗಲು ಬಿಡುವಂತೆ ಮಾಡಿ.’

ಹೆಂಡತಿ ನನ್ನ ಮುಖ ನೋಡಿದಳು. ನಾನು ಪಾತ್ರೆಗಳನ್ನು ನೋಡಿದೆ.

ಆ ನಿಯಮ ತೆಗೆದುಹಾಕಿ ಎಂದು ಕೇಳಲು ಹೋದರೆ, ಸಂಘದ ಕಾರ್ಯದರ್ಶಿ ಕಡತ ಬಿಚ್ಚಿ, ‘ಮೀರೇ ರಾಶಾರು ಕದಂಡೀ’ ಎಂದು ನನ್ನ ಸಹಿಯ ಮೇಲೆ ಬೆರಳಿಟ್ಟು ನಕ್ಕರು. ನೀವೇ ಬರೆದದ್ದಲ್ಲವೇ ಎಂದು ಅದರ ಅರ್ಥ. ಬರೆದ ಕೈಗೆ ಬೆಂಕಿ ಬೀಳಲಿ ಎಂದು ಎದ್ದು ಬಂದೆ. ಮರುದಿನ ರಜೆ ಹಾಕಿ, ಪೈಡಮ್ಮನನ್ನು ಬುಟ್ಟಿ ಸಮೇತ ಕರೆತಂದು, ಏಳು ಗಂಟೆಗೆ ಅಂಗಳದ ನಡುವೆ ನಿಂತು, ಬ್ಯಾಂಕಿನ ಅಧಿಕಾರಿಯಾದ ನಾನು ‘ಆಕುಕೂರಲೋ!’ ಎಂದು ಕೂಗಿದೆ. ಕಿಟಕಿಗಳು ತೆರೆದವು, ಯಾರೋ ಕಿಸಕ್ಕನೆ ನಕ್ಕರು. ಇಳಿದು ಬಂದದ್ದು ನಾಲ್ಕು ಮನೆಯವರು. ಉಳಿದವರು ಅಷ್ಟರಲ್ಲಿ ಆ್ಯಪಿಗೆ ಒಗ್ಗಿದ್ದರು. ಸೊಪ್ಪು ಬಾಗಿಲಿಗೇ ಬರುತ್ತಿತ್ತು.

ಗೇಟಿನಾಚೆ ಪೈಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ನಿಮ್ಮ ಕೂಗಿಗೆ ಸೊಪ್ಪು ಬಾಡುತ್ತದೆ ಬಾಬೂ. ನಾಳೆಯಿಂದ ನಾನೇ ಕೂಗುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.’ ಕೂಗಿದಳು. ವಾಚ್‌ಮನ್ ಗದರಿದರೆ ಅವನಿಗಿಂತ ಜೋರಾಗಿ ಗದರಿದಳು. ನಾಲ್ಕು ಮನೆ ಹನ್ನೊಂದಾಯಿತು. ಮೂವತ್ತು ಆಗಲೇ ಇಲ್ಲ. ಮಧ್ಯಾಹ್ನದ ಪಾತ್ರೆಯ ಕೆಲಸವೂ ತಪ್ಪಲಿಲ್ಲ. ನಾವು ಆ ಊರು ಬಿಡುವ ದಿನ ಎರಡು ಕಟ್ಟು ಗೋಂಗೂರ ತಂದು ನನ್ನ ಕೈಗೇ ಇಟ್ಟು, ‘ನನ್ನ ಗಂಟಲು ಬಿಡಿಸಿಕೊಟ್ಟವರು ನೀವು, ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದು ಹರಸಿದಳು. ನಾನು ಇಸಕೊಂಡೆ. ಹೇಡಿ, ಕೂಗು ನಿಲ್ಲಿಸಿದವನೂ ನಾನೇ ಎಂದು ಬಾಯಿ ಬಿಡಲಿಲ್ಲ.

ಇವತ್ತು ಅದನ್ನು ಅವಳಿಗೆ ಹೇಳೋಣವೆಂದರೆ ಅವಳಿಗೆ ಫೋನಿಲ್ಲ. ಇದ್ದರೂ ಅದು ಫೋನಿನಲ್ಲಿ ಹೇಳುವ ಮಾತಲ್ಲ. ಚಹಾ ಆರಿಹೋಯಿತು. ‘ವಿಶಾಖಪಟ್ಟಣಕ್ಕ ಎರಡು ಟಿಕೆಟ್ ತಗಸ್ತೀನಿ’ ಎಂದು ಒಳಗೆ ಕೂಗಿದೆ.

‘ಒಂದ ತಗಸ್ರಿ,’ ಅಂದಳು ಹೆಂಡತಿ. ‘ಬೈಸ್ಕೊಳ್ಳೂದು ನೀವು. ನಾ ಯಾಕ ಬರ್ಲಿ?’