ಹೋಗ್ತೀನಿ ಅಂದಿದ್ದಕ್ಕೆ

ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ನಡೆದದ್ದು. ಆಗ ನಾನು ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಪ್ರಾಜೆಕ್ಟಿಗಾಗಿ ನಮ್ಮೂರು ಕಡೂರಿನಿಂದ ತರೀಕೆರೆಯ ಒಂದು ವೃದ್ಧಾಶ್ರಮಕ್ಕೆ ಹೋಗಿ, ಅಲ್ಲಿನ ಹಿರಿಯರಿಗೆ ಆತಂಕ ಎಷ್ಟಿದೆ ಎಂದು ಅಳೆಯಬೇಕಿತ್ತು. ಪ್ರಶ್ನೆ ಕೇಳುವುದು, ಉತ್ತರಕ್ಕೆ ಅಂಕ ಹಾಕುವುದು, ಕೂಡುವುದು. ಸೇರಿನಲ್ಲಿ ರಾಗಿ ಅಳೆದಷ್ಟೇ ಸುಲಭ ಎಂದುಕೊಂಡಿದ್ದೆ.

ಮೊದಲ ಪ್ರಶ್ನೆಗೇ ಎಡವಿದೆ. "ನಿಮಗೆ ಆಗಾಗ ಆತಂಕ ಉಂಟಾಗುತ್ತದೆಯೇ?" ಎಂದು ಓದಿದರೆ ಎದುರಿಗೆ ಕೂತಿದ್ದ ಹಾಲಮ್ಮಜ್ಜಿ, "ಅದ್ಯಾವ ಕಾಯ್ಲೆನೇ ತಾಯಿ?" ಎಂದರು. ಅವರು ಎಮ್ಮೆದೊಡ್ಡಿ ಕಡೆಯವರು, ದನಗಳ ಜೊತೆಯೇ ಬಾಳಿದವರು.

"ದಿಗಿಲು ಅಜ್ಜಿ. ದಿಗಿಲಾಗುತ್ತಾ?"

"ಹಂಗನ್ನು ಮತ್ತೆ! ಮೇಯಕ್ಕೋದ ದನ ಸಂಜೆ ಮನೆಗೆ ಬರ್ಲಿಲ್ಲ ಅಂದ್ರೆ ದಿಗಿಲು. ಇಲ್ಲಿ ದನ ಎಲ್ಲೈತೆ, ದಿಗಿಲು ಬೀಳಕ್ಕೆ?" ಎಂದು ಬೊಚ್ಚುಬಾಯಿ ತುಂಬ ನಕ್ಕರು. ಉಳಿದ ಪ್ರಶ್ನೆಗಳಿಗೂ ಅದೇ ನಗು. ಒಟ್ಟು ಅಂಕ ಸೊನ್ನೆ. ಪರೀಕ್ಷೆ ಹತ್ತಿರ ಬಂದರೆ ಉಗುರು ಕಚ್ಚುವ ನನಗೆ ಆ ಸೊನ್ನೆ ಕಂಡು ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಹಾಳೆಗಳನ್ನು ಚೀಲಕ್ಕೆ ತುರುಕಿ, "ಹೋಗ್ತೀನಿ ಅಜ್ಜೀ!" ಎಂದು ಓಡಿದೆ. ಅಜ್ಜಿ ಹಿಂದಿನಿಂದ ಏನೋ ಕೂಗಿದರು. ನನ್ನ ಅವಸರದಲ್ಲಿ ಕೇಳಿಸಲಿಲ್ಲ.

ಮುಂದಿನ ವಾರ ಮತ್ತೆ ಹೋಗಬೇಕಿತ್ತು, ಅಜ್ಜಿಗೂ ಅದು ಗೊತ್ತಿತ್ತು. ಜ್ವರ ಬಂದು ಮಲಗಿಬಿಟ್ಟೆ. ಚೇತರಿಸಿಕೊಂಡು ಆಶ್ರಮ ನೋಡಿಕೊಳ್ಳುವ ಶಾರದಕ್ಕನಿಗೆ ಫೋನ್ ಮಾಡಿದರೆ ಅವರ ದನಿಯೇ ಬೇರೆಯಾಗಿತ್ತು.

"ಹಾಲಮ್ಮಜ್ಜಿ ಸರಿಯಾಗಿ ಉಣ್ತಿಲ್ಲ ಕಣಮ್ಮ, ನಿದ್ದೆನೂ ಇಲ್ಲ. ಬೆಳಗಾದ್ರೆ ಗೇಟತ್ರ ಕೂತಿರ್ತಾರೆ. ಯಾಕೆ ಅಂದ್ರೆ ಬಾಯೇ ಬಿಡಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಅಡ್ಮಿಟ್ ಮಾಡಿ ಅಂದವ್ರೆ ಡಾಕ್ಟ್ರು. ನಾಳೆ ಕರ್ಕೊಂಡು ಹೋಗ್ಬೇಕು. ಅವ್ರು ನೋಡಿದ್ರೆ ಇಲ್ಲಿಂದ ಅಲ್ಲಾಡಲ್ಲ ಅಂತ ಹಟ ಹಿಡಿದವ್ರೆ."

ಇಷ್ಟು ವಯಸ್ಸಿನಲ್ಲಿ ಆಸ್ಪತ್ರೆ ಸೇರಿದರೆ ಹಿಂದಿರುಗಿ ಬರುತ್ತಾರೋ ಇಲ್ಲವೋ ಎನ್ನಿಸಿತು. ಮರುದಿನ ಮೊದಲ ಬಸ್ಸಿಗೇ ಹೊರಟೆ.

ಹೋದಾಗ ಕಾರು ಸಿದ್ಧವಾಗಿ ನಿಂತಿತ್ತು. ಅಜ್ಜಿ ಗೇಟಿನ ಸರಳು ಹಿಡಿದು ಕೂತಿದ್ದರು. ನನ್ನನ್ನು ಕಂಡವರೇ ಎದ್ದು ಬಂದು ಕೈ, ಕೆನ್ನೆ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಬೆನ್ನಿಗೊಂದು ಗುದ್ದು ಬಿತ್ತು.

"ಲೇ ಹುಡ್ಗಿ, ಹೋಗ್ತೀನಿ ಅಂತ ಹೇಳಿ ಹೋಗ್ತಾರೇನೇ ಯಾರಾದ್ರೂ? ಹೋಗಿ ಬತ್ತೀನಿ ಅನ್ನು, ಹೋಗಿ ಬತ್ತೀನಿ ಅನ್ನು ಅಂತ ಬಡ್ಕಂಡೆ. ಕೇಳಿಸ್ಕಂಡ್ಯಾ? ನಮ್ಮ ಯಜಮಾನ್ರು ಒಂದಿನ ಹಿಂಗೇ ಅಂದು ಹೋದೋರು, ಬರ್ಲೇ ಇಲ್ಲ. ನೀನೂ ಬರ್ಲಿಲ್ಲ."

"ಅಯ್ಯೋ, ಇದನ್ನ ನಮ್ಮತ್ರ ಹೇಳೋದಲ್ವಾ ಅಜ್ಜಿ?" ಎಂದರು ಶಾರದಕ್ಕ.

"ಕೆಟ್ಟದ್ದನ್ನ ಬಾಯಲ್ಲಿ ಆಡ್ತಾರೇನಮ್ಮ?"

ನಾನು ಅಲ್ಲೇ ಅಜ್ಜಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಹೆತ್ತವರಲ್ಲ, ಹೊತ್ತವರಲ್ಲ, ಒಂದು ಸಂಜೆ ಪ್ರಶ್ನೆ ಕೇಳಿ ಹೋದವಳಿಗಾಗಿ ಅನ್ನ ನೀರು ಬಿಟ್ಟಿದ್ದರು. ಅಜ್ಜಿ ಮಾತ್ರ ಕಣ್ಣೊರೆಸಿಕೊಂಡು, "ಹೊಟ್ಟೆ ಹಸೀತೈತೆ, ಮುದ್ದೆ ಆಗೈತೇನು?" ಎಂದು ಒಳಗೆ ನಡೆದರು. ಉಪ್ಸಾರಿನಲ್ಲಿ ಅದ್ದಿ ಅದ್ದಿ ನುಂಗುವುದನ್ನು ನೋಡಿ ಶಾರದಕ್ಕ ಡಾಕ್ಟರಿಗೆ ಫೋನ್ ಮಾಡಿದರು. ಹಾಗಾದರೆ ಸ್ವಲ್ಪ ದಿನ ಕಾದು ನೋಡೋಣ ಎಂದರಂತೆ. ಕಾರು ಖಾಲಿಯೇ ಹೋಯಿತು.

ಊಟ ಮುಗಿದ ಮೇಲೆ, "ಈಗ ದಿಗಿಲು ಇದೆಯಾ ಅಜ್ಜಿ?" ಎಂದೆ.

"ಹೋದ ದನ ಮನೆಗೆ ಬಂತಲ್ಲ, ಇನ್ಯಾತರ ದಿಗಿಲು?"

ನನ್ನ ಹಾಳೆಯ ಪ್ರಶ್ನೆಗಳೆಲ್ಲ ನಿಮಗೆ ಏನಾಗುತ್ತದೆ ಎಂದೇ ಕೇಳುತ್ತಿದ್ದವು. ಯಾರಿಗಾಗಿ ದಿಗಿಲು ಎಂದು ಒಂದೂ ಕೇಳಿರಲಿಲ್ಲ. ಇವತ್ತಿಗೂ ಯಾವ ಹಿರಿಯರ ಮುಂದೆ ಕೂತರೂ ನಾನು ಅದನ್ನೇ ಮೊದಲು ಕೇಳುತ್ತೇನೆ.

ಅವತ್ತು ಸಂಜೆ ಹೊರಡುವಾಗ ಅಜ್ಜಿ ನನ್ನ ವೇಲಿನ ತುದಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಆಚೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯುತ್ತಿತ್ತು.

"ಹೋಗಿ ಬತ್ತೀನಿ ಅಜ್ಜಿ" ಎಂದೆ.

"ಹೂಂ, ಈಗ ಹೋಗು" ಎಂದು ವೇಲಿನ ತುದಿ ಬಿಟ್ಟರು.